ಒಡೆದ ಫೈಬರ್ ಪತ್ರಾ ಗಟ್ಟಿ ಫರಸಿಯಾಯಿತು

ಕರೋಶಿ ಊರಲ್ಲಿ ಬೀಸಿದ ಬಿರುಗಾಳಿಗೆ ಧೂಳಪ್ಪನ ಕೊಟ್ಟಿಗೆಯ ಮೇಲೆ ಹೊದಿಸಿದ್ದ ಫೈಬರ್ ಪತ್ರಾಗಳು ಹಾರಿಬಿದ್ದು ಚೂರಾದವು. ಅವನು ಚೂರುಗಳನ್ನು ಹಿತ್ತಲಲ್ಲಿ ಒಟ್ಟಿ ಬೆಂಕಿ ಹಚ್ಚಿದ. ಕಪ್ಪು ಹೊಗೆ ಅಡುಗೆಮನೆಗೆ ನುಗ್ಗಿತು. ರೊಟ್ಟಿ ಬಡಿಯುತ್ತಿದ್ದ ಹೆಂಡತಿ ಅಕ್ಕುತಾಯಿ ಕೆಮ್ಮುತ್ತಾ ಹೊರಗೋಡಿ ಬಂದು, ಉಸಿರು ಸಿಗದೆ ಕಟ್ಟೆಯ ಮೇಲೆ ಕುಸಿದಳು.

ಪಕ್ಕದ ಮನೆಯ ನೀಲಮ ಬೆಂಕಿಯ ಮೇಲೆ ಉಸುಕು ಸುರಿದಳು. ಅವಳು ನಿಪ್ಪಾಣಿ ಕಡೆ, ನೆಲಕ್ಕೆ ಹಾಸುವ ಫರಸಿ ತಯಾರಿಸುವ ಕಾರಖಾನೆಯಲ್ಲಿ ಕೆಲಸ ಮಾಡುವವಳು.

“ಕಾಕಾ, ಇದರಾಗ ಪ್ಲಾಸ್ಟಿಕ್ ಐತಿ, ಗಾಜಿನ ಎಳೀನೂ ಅದಾವು. ಸುಟ್ರ ವಿಷದ ಹೊಗಿ ಬರತೈತಿ. ಗಾಜಿನ ಎಳಿ ಬೂದ್ಯಾಗ ಉಳಿದು ಗಾಳಿಗೆ ಹಾರತಾವು.”

“ಮತ್ತೇನ್ ಮಾಡ್ಲೆವ್ವಾ? ಗುಜರಿಯವ್ರೂ ಒಯ್ಯಂಗಿಲ್ಲ.”

“ನಮ್ಮ ಕಾರಖಾನ್ಯಾಗ ತಗೋತಾರ್ರಿ. ಮಷೀನಿನ್ಯಾಗ ಪುಡಿ ಮಾಡಿ, ಮಣ್ಣಾಗ ಕಲಸಿ, ಭಟ್ಟ್ಯಾಗ ಸುಡ್ತಾರ. ಹೊಗಿ ಹಿಡಿಯಾಕ ಬ್ಯಾರೆ ಯಂತ್ರ ಐತಿ. ಗಾಜು ಕರಗಿ ಮಣ್ಣನ್ನ ಬಿಗಿ ಹಿಡಿತೈತಿ.”

ಧೂಳಪ್ಪ ನಕ್ಕ. “ಕಸದ ಫರಸಿ! ಎಮ್ಮಿ ಕಾಲಿಟ್ರ ಪುಡಿಪುಡಿ.”

“ನನ್ನ ಉಸಿರು ನಿಂತಂಗ ಆಗಿತ್ತು, ನಿಮಗ ನಗಿ ಬರತೈತೇನ್ರಿ?” ಅಕ್ಕುತಾಯಿ ಸಿಟ್ಟಾದಳು. “ನಾಳೆ ಹೋಗಿ ಕಣ್ಲೆ ನೋಡೂಣು, ನಡೀರಿ.”

ಮರುದಿನ ಉಳಿದ ಚೂರುಗಳನ್ನು ಚೀಲಕ್ಕೆ ತುಂಬಿಕೊಂಡು ನೀಲಮಳ ಜೊತೆ ಕಾರಖಾನೆಗೆ ಹೋದರು. ಧೂಳಪ್ಪ ಅಲ್ಲಿ ಫೈಬರ್ ಪುಡಿ ಕಲಸಿ ಮಾಡಿದ್ದ ಒಂದು ದಪ್ಪ ಫರಸಿಯನ್ನು ಎರಡು ಇಟ್ಟಿಗೆಗಳ ಮೇಲಿಟ್ಟು ಹತ್ತಿ ನಿಂತ. ಬಿರುಕು ಬಿಡಲಿಲ್ಲ. “ಬಾ, ನೀನೂ ಹತ್ತು,” ಎಂದು ಹೆಂಡತಿಯನ್ನು ಕರೆದ. ನಾಚುತ್ತಲೇ ಅವಳೂ ಹತ್ತಿದಳು. ಇಬ್ಬರ ಭಾರಕ್ಕೂ ಫರಸಿ ಜಗ್ಗಲಿಲ್ಲ! ಕೆಲಸಗಾರರು ಚಪ್ಪಾಳೆ ತಟ್ಟಿದರು.

“ಸೋತ್ನೆವ್ವಾ ನೀಲಮ,” ಎಂದ ಧೂಳಪ್ಪ.

ಅಂದಿನಿಂದ ಅವನ ಟ್ರ್ಯಾಕ್ಟರ್ ಓಣಿ ಓಣಿ ಸುತ್ತಿತು. ಒಡೆದ ಪತ್ರಾ, ಮುರಿದ ಫೈಬರ್ ಬಾಗಿಲು, ನೀರಿನ ಹಳೆಯ ಫೈಬರ್ ಟಾಕಿ, ಎಲ್ಲವೂ ಕಾರಖಾನೆ ಸೇರಿದವು. ಕಾರಖಾನೆಯವರು ಊರಿಗೆ ಫರಸಿ ಕೊಟ್ಟರು. ಸಾರ್ವಜನಿಕ ನಳದ ಸುತ್ತ ವರ್ಷಗಳಿಂದ ಇದ್ದ ರಾಡಿಯ ಜಾಗದಲ್ಲಿ ಜನರೇ ಸೇರಿ ಅದನ್ನು ಹಾಸಿದರು. ಅಕ್ಕುತಾಯಿ ತುಂಬಿದ ಕೊಡ ಹೊತ್ತು ಜಾರದೆ ನಡೆದು ಬಂದಾಗ ಧೂಳಪ್ಪ ಕೂಗಿದ: “ನೋಡ್ರೆಪಾ, ನಾವು ಸುಡಾಕ ಹೊಂಟಿದ್ದ ಕಸ ಇದು!”

ಬಂಧುಗಳೇ, ಒಡೆದ ಫೈಬರ್ ವಸ್ತುಗಳನ್ನು ಸುಡಬೇಡಿ, ಹಳ್ಳಕ್ಕೆ ಎಸೆಯಬೇಡಿ, ಮನೆಯಲ್ಲಿ ಪುಡಿ ಮಾಡಲೂ ಹೋಗಬೇಡಿ. ಕೈಗವಸು ಹಾಕಿ, ಮೂಗಿಗೆ ಬಟ್ಟೆ ಕಟ್ಟಿ, ಬೇರೆಯಾಗಿ ಎತ್ತಿಡಿ. ಎಲ್ಲಿಗೆ ಒಯ್ಯಬೇಕೆಂದು ಇವತ್ತೇ ನಿಮ್ಮ ಪಂಚಾಯಿತಿಯಲ್ಲಿ ಕೇಳಿ. ಕೇಳುವವರು ಹೆಚ್ಚಾದರೆ ದಾರಿ ತಾನಾಗಿ ತೆರೆಯುತ್ತದೆ.