ತಲೆಯಡಿಯ ಕಾದಂಬರಿ

ಶವಪೆಟ್ಟಿಗೆಗೆ ಮುಚ್ಚಳ ಬಿದ್ದಾಗಿತ್ತು. ಗಂಡನನ್ನು ಸುಡುವ ಚಿತಾಗಾರದ ಕುಲುಮೆಯ ಗುಂಡಿ ಒತ್ತಲು ವಿಭಾ ಕೈ ಚಾಚಿದಾಗ ಪಕ್ಕದಲ್ಲಿದ್ದ ಅವಳ ಅವ್ವ ನೀಲಾಬಾಯಿ, "ನಿಶ್ಚಿಂತಿಯಿಂದ ಒತ್ತವ್ವಾ. ಅವರ ಪುಸ್ತಕ ತಲಿ ಕೆಳಗ ಇಟ್ಟೀನಿ," ಅಂದರು.

ವಿಭಾಳ ಕೈ ಅಲ್ಲೇ ನಿಂತಿತು.

ಮೂರು ದಿನದಿಂದ ಅವಳು, ಅವ್ವನಿಗೂ ಹೇಳದೆ, ಮಿಲ್ಪಿಟಾಸಿನ ತಮ್ಮ ಮನೆಯನ್ನೆಲ್ಲ ತಡಕಾಡಿದ್ದು ಅದಕ್ಕೇ. ಕಾದಂಬರಿಯ ನಾನೂರು ಹಾಳೆ, ಪೆನ್ಸಿಲಿನ ಬರಹ, ಇನ್ನೊಂದು ಪ್ರತಿಯಿಲ್ಲ. ಗಂಡ ಫರ್ಗಸ್ ಸ್ಕಾಟ್ಲೆಂಡಿನಲ್ಲಿ ಎರಡು ಕಾದಂಬರಿ ಬರೆದು, ಸಿನಿಮಾದವರು ಕರೆದರೆಂದು ಇತ್ತ ಬಂದವನು. ಇಪ್ಪತ್ತೆರಡು ವರ್ಷ ಬೇರೆಯವರ ಚಿತ್ರಕತೆಗಳಿಗೆ ತೇಪೆ ಹಾಕಿದ. ತೇಪೆ ಹಾಕಿದವನ ಹೆಸರು ತೆರೆಯ ಮೇಲೆ ಬರುವುದಿಲ್ಲ. ಹಿಂದಿನ ಸಾಲಿನಲ್ಲಿ ರೆಡ್‌ವುಡ್ ಸಿಟಿಯಿಂದ ಬಂದಿದ್ದ ಪರಿಚಯದ ಶಿವಪ್ರಸಾದ ಫೋನು ಸವರುತ್ತಾ ಹೆಂಡತಿಗೆ ಪಿಸುಗುಟ್ಟುತ್ತಿದ್ದ: "ಎಷ್ಟು ಸರ್ಚ್ ಮಾಡಿದ್ರೂ ಒಂದು ಮೂವೀಲೂ ಹೆಸರಿಲ್ವಲ್ಲೇ." ತನ್ನ ಹೆಸರು ಹಾಕಿಕೊಳ್ಳಲೆಂದೇ ಫರ್ಗಸ್ ಆರು ವರ್ಷ ಕೂತು ಆ ಹಾಳೆಗಳನ್ನು ತುಂಬಿಸಿದ್ದ.

"ಯಾಕ ಇಟ್ಟಿ, ಅವ್ವಾ?"

"ಅವರ ಹೇಳಿದ್ರಲ್ಲ. ನೀನ ನನಗ ತಿಳಿಸಿ ಹೇಳಿದಿ."

*

ಅತ್ತೆಗೆ ಇಂಗ್ಲಿಷು ಬಾರದು, ಅಳಿಯನಿಗೆ ಕನ್ನಡ ಬಾರದು. ಇಬ್ಬರ ಮಾತೂ ವಿಭಾಳ ಬಾಯಿಂದಲೇ ದಾಟಬೇಕು. ದೀಪಾವಳಿಯ ಊಟದಲ್ಲಿ ನೀಲಾಬಾಯಿ, ಬರೆಯುವುದು ಎಂದಿಗೆ ಮುಗಿಯುತ್ತದೆಂದು ಕೇಳಿಸಿದ್ದರು. ಹೋಳಿಗೆಯನ್ನು ಚಮಚದಲ್ಲಿ ಕತ್ತರಿಸುತ್ತಾ ಫರ್ಗಸ್, ಅದು ಮುಗಿಯುವುದಲ್ಲ, ನನ್ನ ಜೊತೆಗೇ ಸುಟ್ಟುಬಿಡಿ ಎಂದ, ಕಣ್ಣು ಮಿಟುಕಿಸಿದ. ವಿಭಾ ಮಾತನ್ನಷ್ಟೇ ದಾಟಿಸಿದಳು. ಅವ್ವ ಆಗ ತಲೆ ಬಗ್ಗಿಸಿ ತುಪ್ಪ ಬಡಿಸುತ್ತಿದ್ದರು.

*

ತಮಾಷೆಗೇ ಅಂದನೋ? ಈಗ ವಿಭಾಳಿಗೂ ಅನುಮಾನ ಹತ್ತಿತು. ಕಡೆಯ ವಾರ ಅವನು ಹಾಳೆಗಳನ್ನು ತಿರುವಿ ನೋಡಿ, ಕಟ್ಟಿಟ್ಟು, ಮತ್ತೆ ಮುಟ್ಟಿರಲಿಲ್ಲ. ಹೊರಗೆ ಇನ್ನೊಂದು ಕುಟುಂಬ ಕಾಯುತ್ತಿತ್ತು. ಚಿತಾಗಾರದವಳು ಬಹಳ ವಿನಯದಿಂದ ಗಡಿಯಾರ ನೋಡಿದಳು.

ನೀಲಾಬಾಯಿ ಮಗಳ ಮೊಣಕೈ ಹಿಡಿದರು. "ಹೋದವರ ಮಾತು ಮೀರಬಾರದು, ವಿಭಾ."

"ನಾ ನಿನಗ ಅರ್ಧಾ ಹೇಳಿದ್ದೆ. ಅವತ್ತು ಅವರು ನಗತಿದ್ರು."

"ಖರೇನ ನಗತಿದ್ರ?"

"ಗೊತ್ತಿಲ್ಲವ್ವಾ," ಅಂದಳು ವಿಭಾ. ಅಂದವಳು ಮುಚ್ಚಳ ತೆಗೆಸಿದಳು.

ತಣ್ಣಗಿನ ತಲೆಯ ಕೆಳಗೆ ಕೈ ತೂರಿಸಿ ಎಳೆದಳು. ರೇಷ್ಮೆ ಬಟ್ಟೆಯಲ್ಲಿ ಸುತ್ತಿದ ಕಟ್ಟು ಹೊರಬಂತು. ಫರ್ಗಸ್‌ನ ತಲೆ ಬರೀ ಹಲಗೆಗೆ ಠಕ್ಕನೆ ಬಡಿಯಿತು. ಶಿವಪ್ರಸಾದ ಫೋನು ಜೇಬಿಗಿಟ್ಟುಕೊಂಡ.

ನೀಲಾಬಾಯಿ ಕಟ್ಟಿನತ್ತ ನೋಡಲಿಲ್ಲ. ಮೈಮೇಲಿನ ಸ್ವೆಟರು ಬಿಚ್ಚಿ ನಾಲ್ಕು ಮಡಿಕೆ ಮಾಡಿದರು. ಬದುಕಿದ್ದಾಗ ಒಮ್ಮೆಯೂ ಮುಟ್ಟದ ಅಳಿಯನ ತಲೆಯನ್ನು, ಎಳೆಗೂಸನ್ನು ಎತ್ತುವ ಹಾಗೆ, ಅಂಗೈಯಲ್ಲಿ ಎತ್ತಿ ಅದರ ಮೇಲೆ ಮಲಗಿಸಿದರು. ಸ್ವೆಟರಿನ ಒಂದು ತೋಳು ಪೆಟ್ಟಿಗೆಯ ಆಚೆ ಜೋತಾಡುತ್ತಿತ್ತು. ಅದನ್ನೂ ಅವನ ಕಿವಿಯ ಪಕ್ಕ ಮಡಚಿಟ್ಟರು.