ಆ ಹೆಂಗಸಿಗಾಗಿ ಸ್ತೋತ್ರ

ಅಪ್ಪ ಮತ್ತೆ ಕಣ್ಣು ಮುಚ್ಚಿದ. ತಟ್ಟೆಯಲ್ಲಿದ್ದ ಅರೇಪಾ ರೊಟ್ಟಿ ಆರಿ ಗಟ್ಟಿಯಾಗುತ್ತಿತ್ತು. ಅದಕ್ಕಾಗಿ ದೇವರಿಗೆ ಆಗಲೇ ಎರಡು ಸಲ ಸ್ತೋತ್ರ ಸಂದಿತ್ತು.

"ಅಪ್ಪಾ, ಪ್ರಾರ್ಥನೆ ಆಯ್ತು. ತಿನ್ನು," ಎಂದಳು ನೋರ್ಕಾ.

"ಆಯ್ತಾ?" ಅಪ್ಪ ಒಂದೇ ಕಣ್ಣು ತೆರೆದು ನೋಡಿದ. ಮುಖದಲ್ಲಿ ಅನುಮಾನ, ಅದಕ್ಕಿಂತ ಹೆಚ್ಚಾಗಿ ಮರ್ಯಾದೆ. "ನೀವು ಹೇಳಿದ್ಮೇಲೆ ಆಗಿರುತ್ತೆ ಬಿಡಿ ತಾಯಿ. ಇನ್ನೊಂದ್ಸಲ ಹೇಳಿದ್ರೆ ಅವನೇನು ಬೇಜಾರು ಮಾಡ್ಕೊಳ್ಳಲ್ಲ."

ಮರಕಾಯ್ಬೊ ಪಟ್ಟಣದಲ್ಲಿ ಹಿಂದಿನ ದಿನದಿಂದ ಕರೆಂಟಿರಲಿಲ್ಲ. ನಲ್ಲಿಯಲ್ಲಿ ನೀರು ಬಂದು ಎಷ್ಟು ದಿನವಾಯಿತೆಂಬುದನ್ನು ಜನ ನೆನಪಿಡುವುದನ್ನೇ ಬಿಟ್ಟಿದ್ದರು. ನಿಂತ ಫ್ಯಾನಿನ ಕೆಳಗೆ ಕೂತು, ಕುತ್ತಿಗೆಯ ಬೆವರು ಒರೆಸಿಕೊಳ್ಳುತ್ತ, ಈ ಮುದುಕ ಬೆಳಕಿಗೆ, ಗಾಳಿಗೆ, ನೀರಿಗೆ ಸ್ತೋತ್ರ ಹೇಳುತ್ತಿದ್ದ. ನೋರ್ಕಾ ವಿಶ್ವವಿದ್ಯಾಲಯದಲ್ಲಿ ತರ್ಕಶಾಸ್ತ್ರ ಕಲಿಸುತ್ತಿದ್ದಳು. ಇದರಲ್ಲಿ ತಪ್ಪು ಎಲ್ಲಿದೆಯೆಂದು ಬೋರ್ಡಿನ ಮೇಲೆ ಬರೆದು ತೋರಿಸಬಲ್ಲಳು.

"ಕರ್ತನೇ, ಈ ರೊಟ್ಟಿಗೆ ಸ್ತೋತ್ರ," ಅಪ್ಪ ಶುರುಮಾಡಿದ. "ನನ್ನ ಮಗಳು ನೋರ್ಕಾಗಾಗಿ ಸ್ತೋತ್ರ. ದೊಡ್ಡ ಕಾಲೇಜಲ್ಲಿ ಪಾಠ ಮಾಡ್ತಾಳೆ, ಸಂಜೆ ಬರ್ತಾಳೆ. ಅವಳಿಗೆ ಸುಸ್ತಾಗದ ಹಾಗೆ ನೋಡ್ಕೊ. ಆಮೇಲೆ ನನ್ನ ನೋಡ್ಕೊಳ್ಳೋಕೆ ಕಳಿಸಿದೀಯಲ್ಲ, ಈ ಹೆಂಗಸು, ಇವರಿಗಾಗೀನೂ ಸ್ತೋತ್ರ. ಹೆಸರು ಮರ್ತೋಯ್ತು. ನಿಂಗೊತ್ತಲ್ಲ."

ನೋರ್ಕಾ ಎದ್ದು ಪಾತ್ರೆ ತೊಳೆಯಲು ಹೋದಳು. ನೀರಿಲ್ಲವೆಂಬುದು ನಲ್ಲಿ ತಿರುಗಿಸಿದ ಮೇಲೆ ನೆನಪಾಯಿತು.

ಅಪ್ಪ ನೇರಿಯೊ ಆಯುಷ್ಯವಿಡೀ ಸರೋವರದ ಮೇಲೆ ಲಾಂಚ್ ನಡೆಸಿದವನು. ಮಂಜಿನಲ್ಲೂ ದಡ ತಪ್ಪಿದವನಲ್ಲ. ಹೆಂಡತಿ ಸತ್ತ ಮೇಲೆ ಒಂದೊಂದಾಗಿ ಮರೆಯತೊಡಗಿದ: ವಾರ, ಬೀದಿ, ಕೊನೆಗೆ ಹೆಂಡತಿ ಸತ್ತದ್ದು. ಈಸ್ಟರ್ ಹಬ್ಬದ ಸುಮಾರಿಗೆ ನೋರ್ಕಾಳನ್ನು 'ನೀವು' ಎಂದ. ತಮಾಷೆಯೆಂದುಕೊಂಡು ಅವಳು ನಕ್ಕಳು. 'ನೀವು' ಹಾಗೇ ಉಳಿಯಿತು. ಈಗ ಅವಳು ಅಪ್ಪಾ ಎಂದರೆ, ಬಸ್ಸಿನಲ್ಲಿ ಯಾರೋ ಹುಡುಗಿ ಗೌರವಕ್ಕೆ ಹಾಗೆ ಕರೆದಂತೆ ಅವನು ಮುಗುಳ್ನಗುತ್ತಿದ್ದ.

ಅಪ್ಪನ ಪ್ರಾರ್ಥನೆಯಲ್ಲಿನ ಆ ಇನ್ನೊಬ್ಬ ನೋರ್ಕಾಳ ಮೇಲೆ ಅವಳಿಗೆ ಹೊಟ್ಟೆಕಿಚ್ಚು. ಸಂಜೆ ಬರುವವಳು, ಸುಸ್ತಾಗಬಾರದವಳು. ಒಂದು ದಿನವೂ ಅವನ ಒದ್ದೆ ಚಡ್ಡಿ ಬದಲಿಸದವಳು.

ಮಧ್ಯಾಹ್ನ ಅಪ್ಪನಿಗೆ ಬಿಳಿ ಅಂಗಿ ತೊಡಿಸಿದಳು. ಸಿಸ್ಟರುಗಳು ನಡೆಸುವ ವೃದ್ಧಾಶ್ರಮಕ್ಕೆ ಅವನನ್ನು ಕರೆತರುವುದಾಗಿ ಹೇಳಿ ಕಳಿಸಿದ್ದಳು. ಅಪ್ಪನಿಗೆ ಮಾತ್ರ, "ಒಬ್ಬರನ್ನ ನೋಡ್ಕೊಂಡು ಬರೋಣ" ಎಂದಿದ್ದಳು. ಅದು ಸುಳ್ಳೂ ಅಲ್ಲ.

ಮೆಟ್ಟಿಲಲ್ಲಿ ಕೆಳಮನೆಯ ವಿಧವೆ ಚಿಂಕಾ ಅಡ್ಡ ಸಿಕ್ಕಳು. ಕೈಯಲ್ಲಿ ಎಲ್ಲಿಂದಲೋ ಸಂಪಾದಿಸಿದ ಮಂಜುಗಡ್ಡೆಯ ಚೀಲ ಸೋರುತ್ತಿತ್ತು.

"ಹೊರಟ್ಯೇನೇ, ಮುದುಕನ್ನ ಮಾರೋಕೆ?"

"ಸುಮ್ನೆ ನೋಡ್ಕೊಂಡು ಬರೋಕೆ, ಚಿಂಕಕ್ಕಾ."

"ನೋಡು ನೋಡು. ಓದಿದವಳು ನೀನು, ನಾನೇನು ಹೇಳ್ಲಿ. ನಿಮ್ಮಪ್ಪ ಬಯ್ಯಲ್ಲ, ಹೊಡಿಯಲ್ಲ, ಕೂತಲ್ಲೇ ದೇವರ ಹೆಸರು ಹೇಳ್ತಾನೆ. ನನ್ನ ಗಂಡನಿಗೆ ತಲೆ ನೆಟ್ಟಗಿತ್ತು. ಬಯ್ಯೋದು ಹೊಡಿಯೋದು ಎರಡೂ ಮಾಡ್ತಿದ್ದ. ದೇವರಿಗೆ ಒಂದು ಸ್ತೋತ್ರ ಹೇಳೇ, ಕಲ್ಲು ಮುಖದವಳೇ." ಚೀಲದೊಳಗೆ ಕೈ ಹಾಕಿ ಒಂದು ಮಂಜಿನ ಚೂರು ತೆಗೆದು ಮುದುಕನ ಅಂಗೈಗಿಟ್ಟಳು. "ತಗೋ ನೇರಿಯೊ, ಚೀಪು."

ಅಪ್ಪ ಅದನ್ನು ಬಾಯಿಗಿಡಲಿಲ್ಲ. ಮೊದಲು ಕಣ್ಣು ಮುಚ್ಚಿದ. ಪ್ರಾರ್ಥನೆ ಮುಗಿಯುವಷ್ಟರಲ್ಲಿ ಅದು ಕರಗಿ ಮಣಿಕಟ್ಟಿನ ಮೇಲೆ ಹರಿದಿತ್ತು. ಖಾಲಿ ಅಂಗೈ ನೋಡಿಕೊಂಡು ಅವನು ನಕ್ಕ. ಒದ್ದೆ ಕೈಯನ್ನು ನೋರ್ಕಾಳ ಕೆನ್ನೆಗೆ ಒತ್ತಿದ.

"ತಣ್ಣಗಿದೆ, ಅಲ್ವಾ?"

ತಣ್ಣಗಿತ್ತು.

ಆಶ್ರಮದ ಮದರ್ ಬೆನಿಲ್ಡೆ ಮೃದುವಾಗಿ ಮಾತಾಡುವ ದಪ್ಪ ಹೆಂಗಸು. ಅಂಗಳದಲ್ಲಿ ಮುದುಕರು ಸಾಲಾಗಿ ಕೂತು ಗೋಡೆ ನೋಡುತ್ತಿದ್ದರು.

"ಇವರ್ಯಾರು ಗೊತ್ತಾ ನೇರಿಯೊ ತಾತ?" ಮದರ್ ನೋರ್ಕಾಳತ್ತ ಬೆರಳು ತೋರಿಸಿದರು.

"ಗೊತ್ತಿಲ್ದೆ ಏನು? ನಮ್ಮನೇಲೇ ಇರ್ತಾರೆ." ಅಪ್ಪ ಮುಂದೆ ಬಾಗಿ ದನಿ ತಗ್ಗಿಸಿದ. "ನನ್ನ ಮಗಳಿಗಿಂತ ಚೆನ್ನಾಗಿ ನೋಡ್ಕೋತಾರೆ. ಅವಳಿಗೆ ಹೇಳ್ಬೇಡಿ ಮದರ್, ನೊಂದ್ಕೋತಾಳೆ."

ಮದರ್ ನೋರ್ಕಾಳನ್ನು ನೋಡಿದರು. ನೋರ್ಕಾ ಗೋಡೆ ನೋಡಿದಳು.

"ಸೋಮವಾರಕ್ಕೆ ಒಂದು ಹಾಸಿಗೆ ಖಾಲಿಯಾಗಬಹುದು," ಎಂದರು ಮದರ್.

"ಹೇಗೆ ಖಾಲಿ?"

ಮದರ್ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡರು. "ನೀವೇನೂ ಹೆದರ್ಬೇಡಿ. ಇಂಥವರು ಎಲ್ಲಿ ಬಿಟ್ರೂ ಹೊಂದ್ಕೋತಾರೆ. ಯಾರು ಊಟ ಹಾಕಿದ್ರೂ ಸ್ತೋತ್ರ ಹೇಳ್ತಾರೆ."

ಸಮಾಧಾನಕ್ಕೆಂದು ಆಡಿದ ಮಾತು ನೋರ್ಕಾಳ ಎದೆಯಲ್ಲಿ ಮುಳ್ಳಿನಂತೆ ಸಿಕ್ಕಿಕೊಂಡಿತು. ಸೋಮವಾರ ಇನ್ನೊಬ್ಬ ಹೆಂಗಸು ರೊಟ್ಟಿ ತಂದಿಡುತ್ತಾಳೆ. ಅವಳ ಹೆಸರೂ ಇವನಿಗೆ ಗೊತ್ತಿರುವುದಿಲ್ಲ. ಅವಳಿಗೂ ಇದೇ ಸ್ತೋತ್ರ. ಹಾಗಾದರೆ ಇಷ್ಟು ದಿನ ತನಗೆ ಸಂದದ್ದು ಏನು?

"ಯೋಚ್ನೆ ಮಾಡಿ ಹೇಳ್ತೀನಿ," ಎಂದಳು.

ರಸ್ತೆ ದಾಟುವಾಗ ಅಪ್ಪ ಅವಳ ಕೈ ಹಿಡಿದುಕೊಂಡ. ಅವನೇ ಅವಳನ್ನು ದಾಟಿಸುತ್ತಿದ್ದ. "ಹುಷಾರು ತಾಯಿ, ಈ ಗಾಡಿಯವರಿಗೆ ಕಣ್ಣಿಲ್ಲ," ಎಂದ. ತನ್ನ ಹುಲ್ಲಿನ ಟೊಪ್ಪಿ ತೆಗೆದು ಅವಳ ತಲೆಗಿಟ್ಟ. ಮನೆಯವರೆಗೂ ನೋರ್ಕಾ ಅದನ್ನು ತೆಗೆಯಲಿಲ್ಲ.

ಸಂಜೆಯಾಯಿತು. ಕರೆಂಟು ಬರಲಿಲ್ಲ. ಅಪ್ಪ ಕಿಟಕಿಯ ಬಳಿ ಕುರ್ಚಿ ಎಳೆದುಕೊಂಡು ಬೀದಿ ಕಾಯತೊಡಗಿದ. ಹೋಗುವ ಬರುವ ಒಬ್ಬೊಬ್ಬ ಹೆಂಗಸನ್ನೂ ಇಣುಕಿ ನೋಡಿದ.

"ನೋರ್ಕಾ ಯಾಕಿನ್ನೂ ಬರ್ಲಿಲ್ಲ?"

"ಬರ್ತಾಳೆ."

"ಬಸ್ಸು ಸಿಗ್ಲಿಲ್ವೋ ಏನೋ. ಕತ್ತಲಾಗ್ತಿದೆ." ಮಗುವಿನಂತೆ, ಮುಖ ಮುಚ್ಚಿಕೊಳ್ಳದೆ ಅಳತೊಡಗಿದ. "ಅವಳಿಗೇನಾದ್ರೂ ಆದ್ರೆ ನಂಗ್ಯಾರು?"

ನೋರ್ಕಾ ಅವನ ಮುಂದೆ ಮಂಡಿಯೂರಿ ಕೂತಳು. "ಅಪ್ಪಾ, ಇಲ್ಲಿ ನೋಡು. ನಾನೇ ನೋರ್ಕಾ."

ಅವನು ಕಣ್ಣೊರೆಸಿಕೊಂಡು ನೋಡಿದ, ಬಹಳ ಹೊತ್ತು, ಪ್ರಾಮಾಣಿಕವಾಗಿ. ಆಮೇಲೆ ಅವಳ ಕೈ ತಟ್ಟಿದ.

"ನೀವು ತುಂಬ ಒಳ್ಳೆಯವರು. ನನ್ನ ಸಮಾಧಾನಕ್ಕೋಸ್ಕರ ಸುಳ್ಳು ಹೇಳ್ಬೇಡಿ ತಾಯಿ."

ಅವಳು ಎದ್ದಳು. ಕನ್ನಡಿಯಲ್ಲಿ ಏನೂ ಕಾಣದಿದ್ದರೂ ತಲೆ ಬಾಚಿಕೊಂಡಳು. ಕಾಲೇಜಿನ ಚೀಲ ಹೆಗಲಿಗೆ ಹಾಕಿ, ಹೊರಗೆ ಹೋಗಿ, ಬಾಗಿಲು ಎಳೆದುಕೊಂಡಳು. ಕರೆಗಂಟೆ ಒತ್ತಿದಳು. ಸದ್ದಾಗಲಿಲ್ಲ, ಕರೆಂಟಿಲ್ಲ. ಬಾಗಿಲು ತಟ್ಟಿದಳು.

"ಯಾರು?"

"ನಾನು."

"ನಾನು ಅಂದ್ರೆ?"

ತನ್ನ ಹೆಸರು ಹೇಳಲು ಅವಳಿಗೆ ಹಿಂದೆಂದೂ ಇಷ್ಟು ಹೊತ್ತು ಹಿಡಿದಿರಲಿಲ್ಲ. "ನೋರ್ಕಾ."

"ಬಂದ್ಯಾ ಮಗಳೇ!" ಕುರ್ಚಿ ಹಿಂದಕ್ಕೆ ಜರುಗಿತು. ಹೆಜ್ಜೆಗಳು ಎಡವುತ್ತ ಹತ್ತಿರ ಬಂದವು. "ತಡಿ, ಒಂದ್ನಿಮಿಷ ತಡಿ."

ಅವಳು ಚಿಲಕದ ಸದ್ದಿಗೆ ಕಾದಳು. ಕೇಳಿಸಿದ್ದು ಮಂಡಿಗಳು ನೆಲ ಮುಟ್ಟಿದ ಸದ್ದು.

"ಕರ್ತನೇ, ನನ್ನ ಮಗಳು ಬಂದ್ಲು, ಸ್ತೋತ್ರ. ಆ ಹೆಂಗಸು ಪಾಪ ಈಗ ತಾನೇ ಹೊರಗೆ ಹೋದ್ರು. ಇಡೀ ದಿನ ನನ್ ಜೊತೆ ಬಿಸಿಲಲ್ಲಿ ಅಲೆದಿದ್ದಾರೆ. ಅವರಿಗೂ ಅಂತ ಯಾರಾದ್ರೂ ಇರ್ತಾರೆ, ಕಾಯ್ತಿರ್ತಾರೆ. ಬಾಗಿಲು ತೆಗೆಯೋರು ಇರೋ ಹಾಗೆ ಮಾಡು."

ಮೆಟ್ಟಿಲ ಮೇಲೆ ಪೂರ್ತಿ ಕತ್ತಲಾಗಿತ್ತು. ನೋರ್ಕಾ ಬಾಗಿಲಿಗೆ ಹಣೆ ಹಚ್ಚಿ ನಿಂತಳು. ಮರ ಇನ್ನೂ ಬಿಸಿಯಾಗಿತ್ತು. ಬೀಗದಕೈ ಅವಳ ಮುಷ್ಟಿಯಲ್ಲೇ ಇತ್ತು. "ಸ್ತೋತ್ರ," ಎಂದಳು ಮೆಲ್ಲಗೆ, ಒಳಗೆ ಕೇಳಿಸದಷ್ಟು ಮೆಲ್ಲಗೆ, ಯಾರಿಗೆಂದು ತಿಳಿಯದೆ.

ಒಳಗೆ ಪ್ರಾರ್ಥನೆ ಮುಗಿಯಿತು. ಆಮೇಲೆ ಮತ್ತೆ ಮೊದಲಿನಿಂದ ಶುರುವಾಯಿತು.