ಎರಡನೆಯ ಗ್ರಹ

ಗಂಡ ಕಂಡುಹಿಡಿದ ಗ್ರಹ ಅಲ್ಲಿ ಇಲ್ಲವೇ ಇಲ್ಲ ಎಂಬುದು ಅವಳಿಗೆ ಗೊತ್ತಾದದ್ದು ಮಧ್ಯಾಹ್ನ, ಇನ್ನೇನು ಊಟಕ್ಕೆ ಏಳಬೇಕು ಅನ್ನುವಷ್ಟರಲ್ಲಿ.

ಇಬ್ಬರೂ ಒಂದೇ ವೀಕ್ಷಣಾಲಯದಲ್ಲಿ ಕೆಲಸಕ್ಕಿದ್ದರು. ದೂರದರ್ಶಕ ಹಿಡಿದು ತಂದ ಬೆಳಕನ್ನು ಬಣ್ಣಬಣ್ಣವಾಗಿ ಸೀಳಿ ಅಳೆಯುವ ಯಂತ್ರ ಅವಳ ಸುಪರ್ದಿಯಲ್ಲಿತ್ತು. ನಕ್ಷತ್ರ ಹತ್ತಿರ ಬಂದರೂ ದೂರ ಸರಿದರೂ ಆ ಬಣ್ಣಗಳು ಕೂದಲೆಳೆಯಷ್ಟು ಜರುಗುತ್ತವೆ; ಆ ಅಳತೆಗಳಲ್ಲಿ ಗ್ರಹ ಹುಡುಕುವುದು ಅವನ ಕಸುಬು. ಒಂದೇ ಮೋಡದಿಂದ ಹುಟ್ಟಿ ಇನ್ನೂ ಗುಂಪು ಬಿಡದ ನೂರಾರು ನಕ್ಷತ್ರಗಳ ನಡುವೆ, ನಮ್ಮ ಸೂರ್ಯನಂಥದ್ದೇ ಒಂದರ ಬೆನ್ನು ಬಿದ್ದಿದ್ದ. ಅದರ ಮಗ್ಗುಲಲ್ಲೇ ಗಿರಗಿರನೆ ಸುತ್ತುವ ದೈತ್ಯ ಗ್ರಹವೊಂದನ್ನು ಹಿಡಿದಿದ್ದ. ಅದರ ಸೆಳೆತಕ್ಕೆ ನಕ್ಷತ್ರ ಹಿಂದೆ ಮುಂದೆ ತೊನೆಯುವುದು ಸ್ಪಷ್ಟವಾಗಿಯೇ ಇತ್ತು. ಆಮೇಲೆ, ತೊನೆಯುತ್ತಲೇ ಅದು ಮೆಲ್ಲಗೆ ಒಂದೇ ಕಡೆಗೆ ಜರುಗುತ್ತಿರುವಂತೆ ಕಂಡಿತು. ದೂರದಲ್ಲಿ ಇನ್ನೊಂದು ದೈತ್ಯ ಕೂತು ಎಳೆಯುತ್ತಿದೆ ಎಂದು ಅವನು ಸಾರಿದ. ಅಂದಿನಿಂದ ಅವನ ಕಾಲು ನೆಲದ ಮೇಲೆ ನಿಂತಿರಲಿಲ್ಲ. ಅತ್ತೆಯಂತೂ ಮೆಟ್ಟಿಲ ಮೇಲೆ ಸಿಕ್ಕವರನ್ನೆಲ್ಲ ತಡೆದು, "ನಮ್ಮ ಹುಡುಗಂಗೆ ಈಗ ಎರಡು" ಎನ್ನುತ್ತಿದ್ದರು. ಕೇಳಿದವರು ಮಕ್ಕಳೆಂದು ತಿಳಿದು ಇವಳಿಗೆ ಶುಭ ಹಾರೈಸಿದ್ದೂ ಉಂಟು.

ಯಂತ್ರದ ತಪಾಸಣೆಗೆಂದು ಅವಳು ಆ ದಿನ ಅದೇ ಗುಂಪಿನ ಬೇರೆ ನಕ್ಷತ್ರಗಳ ಅಳತೆಗಳನ್ನು ತೆರೆದಳು. ಗ್ರಹದ ಸುಳಿವೇ ಇಲ್ಲದವು. ಅವೂ ಅದೇ ಕಡೆಗೆ, ಅಷ್ಟೇ ಜರುಗಿದ್ದವು. ಯಂತ್ರಕ್ಕೆ ಬೆಳಕು ತರುವ ಗಾಜಿನ ಎಳೆ ಬದಲಾಯಿಸಿದ ಮೇಲೆ ಇದು ಶುರುವಾಗಿತ್ತು. ಜರುಗುತ್ತಿದ್ದದ್ದು ನಕ್ಷತ್ರವಲ್ಲ, ಯಂತ್ರ. ಎಳೆ ಬದಲಾಯಿಸಿದ್ದು ಅವಳೇ.

ನೇರವಾಗಿ ಗಂಡನ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿ ಎಲ್ಲವನ್ನೂ ತೋರಿಸಿದಳು. ಅವನು ಪರದೆಯನ್ನು ನೋಡುತ್ತಾ ಕೂತ. ಕಿವಿ ಕೆಂಪಾಗುತ್ತಾ ಬಂತು.

"ಇದನ್ನ ಬೇರೆ ಯಾರಿಗಾದ್ರೂ ಹೇಳಿದ್ಯಾ?"

"ಇಲ್ಲ. ನಿನಗೇ ಮೊದಲು."

"ಹಾಗಾದ್ರೆ ಸುಮ್ಮನಿರು. ನಾನು ನೋಡ್ಕೋತೀನಿ."

"ಮುಖ್ಯಸ್ಥರಿಗೆ ಹೇಳದೆ ಇರಕ್ಕಾಗಲ್ಲ."

"ಹೇಳ್ತೀನಿ ಬಿಡು," ಎಂದು ಕುರ್ಚಿ ಅತ್ತ ತಿರುಗಿಸಿದ.

ಹೇಳಿದ, ನಿಜ. ಆ ವಾರದ ಸಭೆಯಲ್ಲಿ ಎದ್ದು ನಿಂತು, ಎರಡನೆಯ ಗ್ರಹವನ್ನು ಹಿಂದಕ್ಕೆ ಪಡೆಯುತ್ತೇನೆ, ನೆರೆಯ ನಕ್ಷತ್ರಗಳ ಜೊತೆ ತಾಳೆ ನೋಡಿದಾಗ ನನಗೆ ತಪ್ಪು ತಿಳಿಯಿತು ಎಂದ. ನನಗೆ, ಎಂದ. ಮುಖ್ಯಸ್ಥರು ಇಂಥ ಪ್ರಾಮಾಣಿಕತೆ ಅಪರೂಪ ಎಂದು ಮೆಚ್ಚಿಕೊಂಡರು. ಯಾರೋ ಚಪ್ಪಾಳೆ ತಟ್ಟಿದರು. ಕೊನೆಯ ಸಾಲಿನಲ್ಲಿದ್ದ ಅವಳೂ ತಟ್ಟಬೇಕಾಯಿತು.

ಮನೆಗೆ ಬರುವ ಬಸ್ಸಿನಲ್ಲಿ ನನ್ನ ಹೆಸರು ಯಾಕೆ ಹೇಳಲಿಲ್ಲ ಎಂದು ಅವಳು ಕೇಳಿಯೇ ಬಿಟ್ಟಳು. ಅವನು ದನಿ ತಗ್ಗಿಸಿ, "ನಿನ್ನ ಹೆಸರು ಹೇಳಿದ್ದಿದ್ರೆ ಎಳೆ ಹಾಕಿದ್ದು ಯಾರು ಅಂತ ಮೊದಲು ಕೇಳ್ತಿದ್ರು. ತಪ್ಪೆಲ್ಲ ನಿನ್ನ ತಲೆಗೇ ಬರ್ತಿತ್ತು. ನಿನ್ನನ್ನ ಉಳಿಸ್ದೆ ನಾನು," ಎಂದ. ಅದು ಸುಳ್ಳೂ ಅಲ್ಲ, ನಿಜವೂ ಅಲ್ಲ.

ಅವನು ಬೇರೆ ನಕ್ಷತ್ರಗಳ ಕಡೆಗೆ ಹೊರಳಿದ. ಅವಳು ಮಾತ್ರ ಅದೊಂದನ್ನು ಬಿಡಲಿಲ್ಲ. ಯಂತ್ರವನ್ನು ಬಿಚ್ಚಿ, ಎಳೆಯನ್ನು ಅಲುಗದಂತೆ ಕೂರಿಸಿ, ಪ್ರತಿ ಸಲವೂ ನೆರೆಯ ನಕ್ಷತ್ರಗಳ ಜೊತೆ ತಾಳೆ ಹಾಕುತ್ತಾ ವರ್ಷಗಟ್ಟಲೆ ಅಳೆದಳು. ಹಟವೋ ಸಿಟ್ಟೋ ಅವಳಿಗೇ ತಿಳಿಯದು. ಕೊನೆಗೆ ನೆರೆಯವೆಲ್ಲ ತಮ್ಮ ಪಾಡಿಗೆ ತಾವಿರುವಾಗ ಇದೊಂದೇ ಜರುಗತೊಡಗಿತು. ಮೊದಲು ಕಂಡ ದಿಕ್ಕಿಗಲ್ಲ, ಅದಕ್ಕೆ ಎದುರು ದಿಕ್ಕಿಗೆ. ಎರಡನೆಯ ದೈತ್ಯ ಅಲ್ಲಿ ನಿಜಕ್ಕೂ ಇತ್ತು.

ಈ ಸಲ ಅವಳು ನೇರವಾಗಿ ಮುಖ್ಯಸ್ಥರ ಕೋಣೆಗೆ ಹೋದಳು. ಗಂಡನಿಗೆ ಸುದ್ದಿ ಸಿಕ್ಕಿದ್ದು ಕ್ಯಾಂಟೀನಿನಲ್ಲಿ, ತಟ್ಟೆ ಹಿಡಿದು ಸಾಲಿನಲ್ಲಿ ನಿಂತಾಗ.

ಸಂಜೆ ಬಾಗಿಲು ತೆಗೆದವನು ಶೂ ಕೂಡ ಬಿಚ್ಚದೆ ನಿಂತ. "ನಾನು ಅವತ್ತೇ ಹೇಳಿದ್ದೆ ಇದೆ ಅಂತ."

"ಹೇಳಿದ್ದೆ. ಆದ್ರೆ ನೀನು ತೋರಿಸಿದ್ದು ಇದನ್ನಲ್ಲ."

"ನನಗೆ ಮೊದಲು ಹೇಳ್ಬೇಕು ಅನ್ನಿಸ್ಲಿಲ್ವಾ?"

"ಅನ್ನಿಸ್ತು," ಎಂದಳು. "ಹೋದ ಸಲ ಹೇಳಿದ್ನಲ್ಲ."

ಅವನ ಮುಖ ಸಣ್ಣದಾಯಿತು. ಈ ಗಳಿಗೆಯನ್ನು ಅವಳು ಮನಸ್ಸಿನಲ್ಲಿ ಎಷ್ಟೋ ಸಲ ಆಡಿ ನೋಡಿದ್ದಳು; ಅಲ್ಲೆಲ್ಲ ಹೊಟ್ಟೆ ತಣ್ಣಗಾಗುತ್ತಿತ್ತು. ಈಗ ಆಗಲಿಲ್ಲ. ಶೂ ಬಿಚ್ಚಲು ಬಗ್ಗಿದ ಅವನ ನೆತ್ತಿಯ ಕೂದಲು ತೆಳುವಾಗಿರುವುದು ಕಂಡು ಅಯ್ಯೋ ಅನ್ನಿಸಿತು. ಆದರೂ ಕೈ ಚಾಚಲಿಲ್ಲ.

ಪ್ರಬಂಧದಲ್ಲಿ ಅವನ ಹೆಸರನ್ನೂ ಹಾಕಿದಳು, ಮೊದಲ ಗ್ರಹ ಅವನದೇ ತಾನೆ. ಅವನು ಓದಿ, ಎರಡು ಕಡೆ ತಿದ್ದಿ, ಚೆನ್ನಾಗಿದೆ ಎಂದು ಬರೆದು ಕಳಿಸಿದ. ಪಕ್ಕದ ಕೋಣೆಯಿಂದಲೇ.